ಏಳನೇ ಬಸ್ಸಿನ ಕ್ಯಾಪ್ಟನ್

ಜುಲೈ ತಿಂಗಳದಾಗ ಈ ಸಾಲಿಯೊಳಗ ಪಟ್ಟ ಕಟ್ತಾರ,
ಹುಡುಗರಿಗೆ. ಖರೇನ ಪಟ್ಟಾನ:
ಹೆಗಲಿಂದ ಸೊಂಟಕ್ಕ ಇಳಿಬಿಟ್ಟ ರೇಶಿಮಿ ಪಟ್ಟಿ.
ಹೆಡ್ ಬಾಯ್, ಹೆಡ್ ಗರ್ಲ್, ಅವರ ಕೈಕೆಳಗ ಇಬ್ಬರು,
ನಾಕು ಹೌಸಿಗೆ ನಾಕು ಮಂದಿ,
ಗಿಡಾ ಕಾಯಾಕ ಒಬ್ಬ, ಪುಸ್ತಕ ಕಾಯಾಕ ಒಬ್ಬಾಕಿ,
ಸುಮ್ಮ ಕೂಡ್ರಿ ಅನ್ನಾಕ ಒಬ್ಬ.
ಬ್ಯಾಂಡ್ ಬಾರಿಸ್ತಾರ. ಬಲಗೈ ಮುಂದ ಚಾಚಿ
ಇಂಗ್ಲಿಷಿನ್ಯಾಗ ಆಣಿ ಮಾಡ್ತಾರ.
ಆಣಿ ಅನ್ನೂದು ಯಾವ ಭಾಷಾದಾಗಿದ್ರೂ ತಿಳಿತೈತಿ,
ಗಂಟಲ ಸಣ್ಣ ಆಗ್ತೈತಲ್ಲ.

ಕಡೀಕ ಬಸ್ ಕ್ಯಾಪ್ಟನ್ನರು.
ಅಷ್ಟೊತ್ತಿಗೆ ಅವ್ವ-ಅಪ್ಪಂದಿರು ಚಾಕ್ಕ ಎದ್ದಿರ್ತಾರ.
ಇವರಿಗೆ ಪಟ್ಟಿಲ್ಲ,
ಎಂಟಾಣೆಯಷ್ಟ ಹಳದಿ ಬಿಲ್ಲೆ, ಹಿಂದ ಒಂದು ಪಿನ್ನು.
ನಮ್ಮ ಏಳನೇ ನಂಬರಿಗೆ ಜೂಯಿ ಖಾಸನೀಸ,
ಒಂಬತ್ತು ವರ್ಷ,
ಮುಂದಿನ ಹಲ್ಲೊಂದು ಇನ್ನೂ ಅರ್ಧಾ ಬಂದೈತಿ.

ನಾನೂ ಆ ಬಸ್ಸಿನಾಕಿನ.
ದಾನಮ್ಮ, ಇಂಡಿ ತಾಲೂಕು,
ಪುಣೆಕ್ಕ ಬಂದು ಹನ್ನೊಂದು ವರ್ಷ.
ಹುಡುಗರ ಬಾಯಾಗ ಮಾವಶಿ.
ಕೊರಳಾಗಿನ ಕಾರ್ಡಿನ್ಯಾಗ ಏನ ಬರದೈತಿ ಅಂತ ಕೇಳಿದ್ರ
ಡ್ರೈವರ್ ಧುಮಾಳ ಅಂದ:
ಹೆಲ್ಪರ್. ಮತ್ತ, ರಕ್ತದ ಗುಂಪು.

ಮೊದಲ ದಿನ ಜೂಯಿ ಬೆರಳ ಮಾಡಿ ತಲಿ ಎಣಿಸಿದ್ಲು.
ಮೂವತ್ತೊಂದು. ಕಾಗದದಾಗ ಮೂವತ್ತೆರಡು.
ಮುಖ ಬಿಳಿಚಿತು. ಮತ್ತ ಎಣಿಸಿದ್ಲು,
ಸೀಟಿನ ಕೆಳಗ ಬಗ್ಗಿ ನೋಡಿದ್ಲು.
ನಾ ಅಂದೆ: ನಿನ್ನ ಯಾರು ಎಣಸಬೇಕವ್ವಾ?

ಖರಾಡಿಯಾಗ ಹತ್ತತೈತಿ ಒಂದು ಕೊರಿಯಾದ ಕೂಸು,
ಅದರಪ್ಪ ರಾಂಜಣಗಾಂವದ ಫ್ಯಾಕ್ಟರಿಗೆ ಬಂದಾನಂತ.
ಹೆಸರು ಮಿನ್-ಜೂ. ನಂಗ ಮಿಂಚು ಅಂತ ಕೇಳಿಸ್ತು,
ಮಿಂಚೂನ ಆದ್ಲು.
ಮಾತಿಲ್ಲ. ಕಾಲಾಗ ಬೂಟು ನಿಲ್ಲೂದಿಲ್ಲ.

ಆವತ್ತು ಗುರುವಾರ, ಮಳಿ.
ನಸಿಕಿನ್ಯಾಗ ಮೂರಕ್ಕ ನಳಾ ಬಂದಿತ್ತು,
ಕೊಡಾ ತುಂಬಿಟ್ಟು ಹಂಗ ಬಸ್ಸ ಹತ್ತಿದ್ದೆ.
ಹೋಳ್ಕರ್ ಪೂಲ್ ದಾಟಿದ್ದು ನೆನಪೈತಿ.
ಆಮ್ಯಾಲ ನಂಗ ನಿದ್ದಿ ಹತ್ತಿತ್ತು.
ಇದನ್ನ ನಾ ಯಾರ ಮುಂದೂ ಅಂದಿಲ್ಲ.

ಎಚ್ಚರಾದಾಗ ಯುನಿವರ್ಸಿಟಿ ಚೌಕ, ಎಲ್ಲಾರೂ ಕೂಗಾಕತ್ತಿದ್ರು,
ಕಿಡಕಿ ತೆರದಿತ್ತು,
ಮಿಂಚು ಒಂದ ಕಾಲಾಗ ಬರೇ ಸಾಕ್ಸು, ನಗಾಕತ್ತಿದ್ಲು.
ಬಸ್ಸ ನಿಲ್ಲಿಸಿ ಇಳದು ಹಿಂದಕ್ಕ ಓಡಿದೆ,
ರಿಕ್ಷಾ, ಹಾರ್ನು, ಬೈಗುಳ, ಮೊಳಕಾಲತನಕ ನೀರು.
ಬೂಟು ಸಿಕ್ಕಿತು.
ಸಾಲಿಗೆ ಇಪ್ಪತ್ತೈದು ಮಿನಿಟು ತಡಾ.

ತಡಾ ಆದ್ರ ಕ್ಯಾಪ್ಟನ್ ರಜಿಸ್ಟರ್ ತುಂಬಬೇಕು.
ಯಾಕ? ಯಾರಿಂದ?
ಹೋದ ವರ್ಷ ನಾಕನೇ ಬಸ್ಸಿನ ಸುರೇಖಾ
ಇಂಥಾ ಎರಡು ಸಾಲಿನ್ಯಾಗ ಮನಿಗೆ ಹೋಗಿದ್ಲು.
ಜೂಯಿ ನನ್ನ ಕಡಿ ನೋಡಲಿಲ್ಲ. ಪೆನ್ಸಿಲ್ ಕಚ್ಚಿದ್ಲು.
ಏನ ಬರದ್ಲು ಅಂತ ಸಂಜಿಕ ಧುಮಾಳ ಹೇಳಿದ:
ಕಿಡಕಿ ನಾನ ತಗದಿದ್ದೆ. ಬಸ್ಸೂ ನಾನ ನಿಲ್ಲಿಸಿದೆ.

ಸುಳ್ಳು. ಎರಡೂ ಸುಳ್ಳು.
ಬಲಗೈ ಚಾಚಿ ಖರೇನ ಹೇಳ್ತೀನಿ ಅಂದಾಕಿ.
ಮರುದಿನ ನಾ ಆಫೀಸಿನ ಬಾಗಲತನಕ ಹೋದೆ.
ಗಾಜಿನ ಬಾಗಲಾ, ನನ್ನ ಮಾರೀನ ಕಂಡಿತು.
ಹೊಳ್ಳಿ ಬಂದೆ.

ಸೋಮವಾರ ಅಕಿ ಅಂಗಿ ಮ್ಯಾಲ ಬಿಲ್ಲೆ ಇರಲಿಲ್ಲ.
ಹೊಸಾ ಕ್ಯಾಪ್ಟನ್ ಏಡನ್ ಪಿಂಟೋ, ಶ್ಯಾಣ್ಯಾ ಹುಡುಗ,
ಮನಿಯಿಂದ ಸೀಟಿ ತಂದಾನ.
ಮೊದಲ ತನ್ನನ್ನ ಎಣಿಸ್ಕೋತಾನ.
ಲೆಕ್ಕಾ ಒಂದ ದಿನಾನೂ ತಪ್ಪಿಲ್ಲ.

ಜೂಯಿ ಕಡೀ ಸೀಟಿನ್ಯಾಗ ಕೂಡತಾಳ.
ಕಿಸೆದ ಮ್ಯಾಲ ಪಿನ್ನಿನ ಎರಡು ತೂತು.
ನನ್ನ ಕಾರ್ಡಿನ ದಾರದಾಗ ಯಾವಾಗಲೂ ಸೂಜಿ ಇರ್ತೈತಿ,
ಹೊಲದ ಕೊಡ್ತೀನಿ ಬಾ ಅಂದೆ.
ಇರ್ಲಿ ಬಿಡ್ರಿ ಮಾವಶಿ, ಅಂದ್ಲು ಮರಾಠಿಯೊಳಗ,
ಕಿಡಕಿ ಕಡಿ ಹೊಳ್ಳಿ.

ಖರಾಡಿ ಬಂತು. ಮಿಂಚು ಹತ್ತಿದ್ಲು, ಎರಡೂ ಬೂಟಿನ ಜೊತಿ.
ಏಡನ್ ಸೀಟಿ ಊದಿದ.
ಹಿಂದ, ತೊಡಿ ಮ್ಯಾಲ,
ಆ ಬೆರಳ ಇನ್ನೂ ಎಣಸಾಕತ್ತಿದ್ವು.