ಪೌಂಡು

ಕಡೂರು ತಾಲ್ಲೂಕು ಕಚೇರಿಯ ಎದುರು
ಜೆರಾಕ್ಸ್, ಲ್ಯಾಮಿನೇಷನ್, ಕನ್ನಡ ಟೈಪಿಂಗ್.
ಬೋರ್ಡಿನಲ್ಲಿ ಇಷ್ಟೇ. ಫಾಂಟು ಆರಿಸಿಕೊಡಲಾಗುವುದು
ಎಂದು ಬರೆಸಿಲ್ಲ. ದಿನವೆಲ್ಲ ಅದೇ ಕೆಲಸ.

ಮದುವೆ ಕಾರ್ಡಿನವರಿಗೆ ಬಳ್ಳಿ ಸುತ್ತಿದ ಅಕ್ಷರ ಬೇಕು,
ವಕೀಲರಿಗೆ ದಪ್ಪ. ತಿಥಿ ಕಾರ್ಡಿನವರು
ಯಾವುದಾದರೂ ಹಾಕಿ ಅಂತಾರೆ, ಆಮೇಲೆ
ಅರ್ಧ ಗಂಟೆ ಆರಿಸುತ್ತಾರೆ.

ಹಾಲಿನ ಸಂಘದ ಪಟ್ಟಿ ಟೈಪಿಸಿದ್ದು ನಾನೇ.
ನನ್ನ ಪರದೆಯಲ್ಲಿ ತಲಕಟ್ಟು, ದೀರ್ಘ, ಒತ್ತು ಎಲ್ಲ
ಹಸೆಮಣೆಗೆ ಕೂತವರ ಹಾಗೆ ನೆಟ್ಟಗೆ ಕೂತಿದ್ದವು.
ಹಾಸನದ ಆಫೀಸಿನಲ್ಲಿ ತೆರೆದರೆ
ತಲೆಗೆ ಕಡ್ಡಿ ಸಿಕ್ಕಿಸಿಕೊಂಡ ಇಂಗ್ಲಿಷಿನ ಎ-ಗಳು,
ನಕಾರ ಇದ್ದಲ್ಲೆಲ್ಲ ಪೌಂಡಿನ ಗುರುತು.

ಆ ಪ್ರಿಂಟು ಹಿಡಿದು ಬಂದಳು ತಾಂಡದ ನಾಗೂಬಾಯಿ:
"ಎರಡು ಎಮ್ಮೆ, ದಿನಕ್ಕೆ ಏಳು ಲೀಟರು.
ಇದರೊಳಗೆ ನಾನೆಲ್ಲಿ?"
ಹತ್ತೊಂಬತ್ತು ವರ್ಷದಲ್ಲಿ ಈ ಗೀಟುಗಳನ್ನೂ
ಓದಲು ಕಲಿತುಬಿಟ್ಟಿದ್ದೇನೆ.
ಒಂದು ಪೌಂಡಿನ ಮೇಲೆ ಬೆರಳಿಟ್ಟೆ. ಇಲ್ಲಿ.
"ಅದು ದುಡ್ಡಿನ ಗುರುತು ಅಜ್ಜಿ" ಅಂದಳು ಮೊಮ್ಮಗಳು.
"ಹಂಗಾದ್ರೆ ಬಟವಾಡೆ ಯಾಕೆ ಬಂದಿಲ್ಲ?"

ನಗಬಹುದಿತ್ತು.

ನುಡಿ ಅಂತ ಒಂದಿದೆ, ಇರುವ ಕಡೆ ಮಾತ್ರ ನುಡಿಯುತ್ತದೆ.
ತುಂಗಾ ಅಂತ ಇದೆ; ಹೊಳೆ ಹರಿಯುವುದು ಶೃಂಗೇರಿ ಕಡೆ,
ಫಾಂಟು ಬೇರೆ ಕಂಪನಿಯ ಕಂಪ್ಯೂಟರಿನಲ್ಲಿ.
ನಮ್ಮ ವೇದಾವತಿಯ ಹೆಸರಲ್ಲಿ ಯಾರೂ ಮಾಡಿದಂತಿಲ್ಲ,
ಮಾಡಿದ್ದರೂ ಬೇಸಿಗೆಯಲ್ಲಿ ಕಾಣಿಸುತ್ತಿರಲಿಲ್ಲ.

ಯೂನಿಕೋಡಿಗೆ ಬದಲಾಯಿಸಿದೆ. ಬದಲಾಗುವಾಗ
ಅಕ್ಷರವೊಂದು ಎಲ್ಲೋ ಉದುರಿ
ಕೊಂಬಿನಿಳಿಯೊಂದೇ ಉಳಿಯಿತು,
ಚುಕ್ಕಿ ಚುಕ್ಕಿಯ ಸೊನ್ನೆಗೆ ಅಂಟಿಕೊಂಡು,
ಪಂಕ್ತಿಯಲ್ಲಿ ಯಾರೋ ಎದ್ದುಹೋದ ಎಲೆಯ ಹಾಗೆ.
ಯಾರದಿದು ಅಂತ ಮೇಲಿಂದ ಕೆಳಗೆ
ಹೆಸರು ಕೂಗುತ್ತ ಹೋದೆವು, ಅಜ್ಜಿ ಎಣಿಸುತ್ತ.
ಅವಳದೇ. ಗ ಬಿದ್ದುಹೋಗಿತ್ತು.

ಕೊನೆಗೆ ಆರಿಸಿದ್ದು ಚೆಂದದ್ದಲ್ಲ.
ಎಲ್ಲರ ಪೆಟ್ಟಿಗೆಯಲ್ಲೂ ಬಿದ್ದಿರುವ, ಯಾರೂ ಹೊಗಳದ,
ಸಪ್ಪೆ ಮುಖದ ಫಾಂಟು.
ಅದನ್ನೂ ಪೂರ್ತಿ ನಂಬದೆ ಪಿಡಿಎಫ್ ಒಳಗೇ
ಅಕ್ಷರಗಳ ಬುತ್ತಿ ಕಟ್ಟಿ ಕಳಿಸಿದೆ.
ಹೋದಲ್ಲಿ ಬಡಿಸುತ್ತಾರೆ ಅಂತ ಏನು ಗ್ಯಾರಂಟಿ?

ಹೊಸ ಪ್ರಿಂಟು ಕೊಟ್ಟು ಹಳೆಯದನ್ನು
ಬುಟ್ಟಿಗೆ ಹಾಕಲು ಹೋದರೆ ಕೈ ಹಿಡಿದಳು.
ನಾಲ್ಕು ಮಡಿಕೆ ಮಾಡಿ, ಎಲೆ ಅಡಿಕೆ ಚೀಲದೊಳಗೆ
ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಳು.
"ಇರಲಿ ಬಿಡಪ್ಪ. ದುಡ್ಡು ಅಂದ್ಲಲ್ಲ."