ಬಾರದಾನ ಕಳೆದು

ಬೋರ್ಡಿನ ಮೇಲೆ ನಾಲ್ಕು ಅಂಕಣ ಎಳೆದೆ:
ದೇಶ, ವರ್ಷ, ಕನಿಷ್ಠ, ಗರಿಷ್ಠ.
ಎರಡನೇ ಬೆಂಚಿನ ಯಂಕೋಬ ಕೈ ಎತ್ತಿದ,
‘ಮೇಡಂ, ಇದರಾಗ ಫಸ್ಟ್ ಯಾರು ಬಂದ್ರು?’

ತರಗತಿ ನಕ್ಕಿತು. ನಾನೂ ನಕ್ಕೆನೇನೋ.
ಸೀಮೆಸುಣ್ಣ ಬೆರಳಲ್ಲೇ ಮುರಿಯಿತು.

ಸಂಜೆ ರಾಯಚೂರು ಗಂಜಿನಲ್ಲಿ,
ನಮ್ಮವರ ದಲಾಲಿ ಅಂಗಡಿಯ ಗಾದಿಯ ಮೇಲೆ
ಅದೇ ಪಟ್ಟಿ ಹರಡಿಕೊಂಡು ಕೂತೆ.
ಹತ್ತಿಯ ಎಳೆ ಹಾರಿ ಬಂದು ಸೊನ್ನೆಗಳ ಮೇಲೆ ಕೂರುತ್ತಿತ್ತು,
ಊದಿದರೆ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು.

ಕಾಂಬೋಡಿಯಾ: ಹದಿನೈದರಿಂದ ಇಪ್ಪತ್ತು ಲಕ್ಷ.
ಅಂದರೆ ಸಿಂಧನೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು,
ಈ ಗಂಜು, ಆ ಸ್ಟೇಷನ್ನು, ನಾಳೆಯ ನನ್ನ ತರಗತಿ,
ಹೆಚ್ಚುಕಡಿಮೆ ಇಡೀ ಜಿಲ್ಲೆ.

ಚೀನಾದ ಹಸಿವು: ಒಬ್ಬರು ಒಂದೂವರೆ ಕೋಟಿ ಎನ್ನುತ್ತಾರೆ,
ಇನ್ನೊಬ್ಬರು ನಾಲ್ಕೂವರೆ.
ನಡುವಿನ ಮೂರು ಕೋಟಿ ಜನ
ತಾವು ಸತ್ತೆವೋ ಇಲ್ಲವೋ ತಿಳಿಯದೆ
ಒಂದು ಅಡ್ಡಗೆರೆಯ ಮೇಲೆ ಸಾಲಾಗಿ ನಿಂತಿದ್ದಾರೆ.

ರಷ್ಯಾದಲ್ಲಿ ಮೂವತ್ತೇಳರಲ್ಲಿ ಜನಗಣತಿ ಮಾಡಿಸಿದರು.
ತಲೆಗಳು ಕಡಿಮೆ ಬಂದವು.
ಎಣಿಸಿದವರನ್ನೇ ಹಿಡಿದು
ಕಡಿಮೆಯ ಕಡೆಗೆ ಸೇರಿಸಿದರು.

ಜರ್ಮನಿಯವರು ರೈಲಿನ ದರವನ್ನೂ ಬರೆದಿಟ್ಟಿದ್ದರು.
ಹೋಗುವ ಟಿಕೆಟ್ಟಷ್ಟೇ.
ಮಕ್ಕಳಿಗೆ ಅರ್ಧ.

ತೂಕದ ಚೀಟಿ ಕೊಡಲು ಬಂದ ಹುಸೇನಪ್ಪ
ಬಗ್ಗಿ ನೋಡಿದ. ನಲವತ್ತು ವರ್ಷ ಕಾಟಾ ಹಿಡಿದವನು.
‘ಇಷ್ಟೆಲ್ಲ ತೂಗೀರಿ. ಬಾರದಾನ ತಗದೀರೇನ್ರಿ?’
ಇದರಲ್ಲಿ ಚೀಲ ಎಲ್ಲಿದೆ ಹುಸೇನಪ್ಪ?
‘ಅಂಗಡಿ ಹೆಸರು ಯಾತರ ಮ್ಯಾಲ ಇರ್ತದೋ ಅದು.
ಕೆಂಪು, ಹಸರು, ಏನೋ ಒಂದು ಛಾಪಾ.
ಒಳಗಿನ ಕಾಳಿಗೆ ಅದು ಗೊತ್ತಿರಂಗಿಲ್ಲ.’

ಹಾಗಾದರೆ ತೂಗಲೇಬಾರದೇ?
‘ತೂಗದ ಬಿಟ್ರ ಕಳ್ಳಗ ಹಬ್ಬ.
ತಪ್ಪು ತಕ್ಕಡ್ಯಾಗ ಇಲ್ರಿ. ತಮ್ಮವನ ಮಾಲು ಬಂದಾಗ
ಮೆಲ್ಲಕ ಹೆಬ್ಬಟ್ಟು ಒತ್ತತಾರಲ್ಲ, ಅದು.’

ನಮ್ಮ ಸ್ಟಾಫ್ ರೂಮಿನಲ್ಲಿ ಇಬ್ಬರಿದ್ದಾರೆ,
ನಿಮ್ಮವರು ಹೆಚ್ಚು ಕೊಂದರು, ಇಲ್ಲ ನಿಮ್ಮವರು,
ಹನ್ನೆರಡು ವರ್ಷದಿಂದ
ಹೆಬ್ಬೆರಳು ಒತ್ತಿಕೊಂಡೇ ಚಹಾ ಕುಡಿಯುತ್ತಾರೆ.
ನಾನೂ ಒಮ್ಮೊಮ್ಮೆ ಒತ್ತಿದ್ದೇನೆ. ಯಾವ ಕಡೆಗೆಂದು ಹೇಳುವುದಿಲ್ಲ.

ಆಮೇಲೆ ಅವನೇ ತೆಗೆದ ಮಾತು:
ನಲವತ್ತೆಂಟರಲ್ಲಿ ಅವನ ಅಜ್ಜ
ಮುದಗಲ್ಲಿಗೆಂದು ಬಂಡಿ ಹೂಡಿಕೊಂಡು ಹೋದದ್ದು.
ಎತ್ತುಗಳು ಮಾತ್ರ ಮನೆಗೆ ಬಂದವು.
ರಜಾಕಾರರು ಎಂದರು ಕೆಲವರು,
ಅವರ ಹಿಂದಿನಿಂದ ಬಂದವರು ಎಂದರು ಕೆಲವರು.
‘ಯಾರ ಖಾತೆಕ್ಕ ಬರಕೋತೀರಿ?’
ನನ್ನ ನಾಲ್ಕು ಅಂಕಣಗಳಲ್ಲಿ ಜಾಗವಿರಲಿಲ್ಲ.
ಹಾಳೆಯ ಅಂಚಿನಲ್ಲಿ ‘ಒಬ್ಬ’ ಎಂದು ಬರೆದೆ.
ಬರೆದು, ಹೆಸರು ಕೇಳಿದೆ. ಜಂಬಲಪ್ಪ.

ಅವನು ಹೊರಗೆ ಹೋಗಿ ತೊಗರಿ ಚೀಲ ಎಣಿಸತೊಡಗಿದ:
ಲಾಭ, ಎರಡ, ಮೂರ, ನಾಕ, ಐದ, ಆರ,
ಆರುನ್ನೊಕ್ಕಟಿ.
ಕಾಟಾ ಕಲಿಸಿದ ಗದ್ವಾಲದ ಮುದುಕ ಬಿಟ್ಟುಹೋದ ಶಾಸ್ತ್ರ.
‘ಏಡು ಅಂದ್ರ ತೆಲುಗಿನಾಗ ಅಳು ಅಂದಂಗೂ ಆಗ್ತದ್ರಿ.
ಮಾಲಿನ ಮುಂದ ಅನಬಾರ್ದು.’

ರಾತ್ರಿ ನನ್ನ ಪಟ್ಟಿಯನ್ನು ಅವನ ಹಾಗೆ ಎಣಿಸಲು ಹೋದೆ.
ಮೊದಲನೆಯದಕ್ಕೇ ಸಿಕ್ಕಿಬಿದ್ದೆ.
ಲಾಭ ಎನ್ನಲು ನಾಲಿಗೆ ಹೊರಳಲಿಲ್ಲ,
ಒಂದು ಎಂದೆ.
ಒಂದು ಎಂದ ಮೇಲೆ
ಎರಡಕ್ಕೆ ಹೋಗಲು ಬಹಳ ಹೊತ್ತಾಯಿತು.
ಏಡನ್ನು ಮಾತ್ರ ಬೇಕೆಂದೇ ಏಡು ಎಂದೆ.
ಬೋರ್‌ವೆಲ್ ಲಾರಿಯೊಂದು ಹಾದುಹೋಯಿತು, ಗಾಜು ಅದುರಿತು.

ಬೆಳಿಗ್ಗೆ ಬೋರ್ಡಿನ ಮೇಲೆ ಪಟ್ಟಿ ಹಾಗೇ ಇತ್ತು,
ಗರಿಷ್ಠದ ಒಂದೆರಡು ಸೊನ್ನೆ ಯಾರದೋ ಭುಜಕ್ಕೆ ತಾಗಿ
ಅಳಿಸಿಹೋಗಿದ್ದವು.
ಹಾಜರಿ ತೆಗೆದೆ. ಐದು. ಆರು.
ಏಳು, ಅಂದೆ.
ಯಂಕೋಬ ಎದ್ದು ನಿಂತ,
ನಿಂತೇ ಇದ್ದ.
‘ಮೇಡಂ, ಇದು ಪರೀಕ್ಷೆಗೆ ಬರ್ತದೇನ್ರಿ?’