ಹಿಂದಕ್ಕೆ ಹುರಿದ ಭತ್ತ

ಮಂಡಕ್ಕಿ ಆದ ಮೇಲೆ ಭತ್ತ ಆಗದು, ಅದು ನನಗೆ ಗೊತ್ತು.
ಹನ್ನೆರಡರ ವಯಸ್ಸಿಂದ ಬಾಷಾನಗರದ ಭಟ್ಟಿಯಲ್ಲಿ
ಜರಡಿ ಹಿಡಿದವಳು ನಾನು.
ನೆನೆಸಿದ್ದು, ಕುದಿಸಿದ್ದು, ಒಣಗಿಸಿದ್ದು, ಉಪ್ಪು ಹಚ್ಚಿದ್ದು,
ಕಾದ ಮರಳಿಗೆ ಬಿದ್ದು ಚಟಪಟ ಅಂದ ಮೇಲೆ
ಯಾವ ಕಾಳೂ ಮರಳಿದ್ದಿಲ್ಲ.

ಬೆಂಗಳೂರಿನ ಲ್ಯಾಬಿನ ಹುಡುಗಿ ಶರ್ವಾಣಿ
ಐಸಿನ ಡಬ್ಬಿ ಮಂಚದ ಮೇಲಿಟ್ಟು ಹೇಳಿದಳು:
ಮರಳುತ್ತದೆ ಅಕ್ಕಾ.
ರಕ್ತದ ಕಣವನ್ನು ಹಿಂದಕ್ಕೆ ಹುರಿಯುತ್ತೇವೆ ಅಂದುಕೊಳ್ಳಿ,
ಬಸಿರಿನ ಮೊದಲ ದಿನಗಳಷ್ಟು ಹಿಂದಕ್ಕೆ,
ಇನ್ನೂ ಏನೂ ಆಗಿಲ್ಲದ, ಏನು ಬೇಕಾದರೂ ಆಗಬಲ್ಲ ಕಣ.
ಆಮೇಲೆ ಅದಕ್ಕೆ ಹೇಳುತ್ತೇವೆ, ನರ ಆಗು ಅಂತ.

ನನ್ನ ತಮ್ಮ ಚಮನ್‌ಸಾಬ ತೋಳು ಚಾಚಿದ.
ನಾಲ್ಕು ರಾತ್ರಿ ನಿದ್ದೆಯಿಲ್ಲದೆ ನಲವತ್ತು ಚೀಲ ಹುರಿದವನು,
ಐದನೆಯ ದಿನ ಅಷ್ಟನ್ನೂ
ಪಿ.ಬಿ. ರಸ್ತೆಯ ಲಾರಿಯವರಿಗೆ ಪುಕ್ಕಟೆ ಹಂಚಿದವನು,
ಆಮೇಲೆ ಹಬ್ಬದ ಚಂದ್ರ ಕಂಡರೂ
ಗೋಡೆ ಕಡೆಯಿಂದ ಮಗ್ಗುಲು ಬದಲಿಸದವನು.
ಮರಳು ಹುರಿದೂ ಹುರಿದೂ ಮರುಳಾದ, ಅಂದರು ಓಣಿಯವರು.
ಬಸುರಿ ಒಲೆ ಮುಂದೆ ಕೂತರೆ ಇನ್ನೇನು, ಅಂದರು.
ಅಮ್ಮಿ ಅದನ್ನು ಕೇಳಿಕೇಳಿಯೇ ಮುದುಕಿಯಾದಳು.

ನಿಮ್ಮದೂ ಒಂದು ನಳಿಗೆ ಬೇಕು, ಅಂದಳು ಹುಡುಗಿ,
ಒಂದೇ ಹೊಟ್ಟೆಯವರು, ಪಕ್ಕದಲ್ಲಿಟ್ಟು ನೋಡಲಿಕ್ಕೆ.
ಕೊಟ್ಟೆ.

ಒಂದೂವರೆ ವರ್ಷದ ಮೇಲೆ ಮತ್ತೆ ಬಂದಳು.
ತೋರಿಸಬಾರದು, ಆದರೂ, ಅಂತ ಫೋನು ಮುಂದೆ ಹಿಡಿದಳು:
ಕಪ್ಪು ಪರದೆ, ಹಸಿರು ಬೇರು, ಬೇರಿನ ತುದಿಯಲ್ಲಿ ಮಿಣುಕು.
ಮಿಣುಕಿನ ಬೆನ್ನಿಗೇ ಮಿಣುಕು,
ಮರಳಿಗೆ ಸುರಿದ ಅಕ್ಕಿಯ ಹಾಗೆ, ತಡೆಯೇ ಇಲ್ಲ.
ಅವನು ದಿನಾ ನುಂಗುವ ಲಿಥಿಯಂ ಒಂದು ತೊಟ್ಟು ಬಿದ್ದರೆ
ನಿಧಾನ. ಇನ್ನೂ ನಿಧಾನ.

ಚಮನ್ ಕೇಳಿದ: ಅದಕ್ಕೆ ನಿದ್ದೆ ಬರ್ತದಾ?
ಇಲ್ಲ, ಅದು ಮಿದುಳಲ್ಲ, ತಟ್ಟೆಯಲ್ಲಿ ಒಂದಿಷ್ಟು ಕಣ.
ಭಟ್ಟಿ ಹೊಗೆ ಗೊತ್ತಾ ಅದಕ್ಕೆ?
ಇಲ್ಲ.
ಅಬ್ಬಾನ ಬೆಲ್ಟು?
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಇಲ್ಲ.
ಮತ್ತೆ ಅದಕ್ಯಾಕೆ ಇಷ್ಟು ಅವಸರ?

ಬೀಜವೇ ಎಲ್ಲ ಅಲ್ಲ, ಒಲೆಯದೂ ಪಾಲಿದೆ, ಅಂತೇನೋ ಅಂದಳು.
ಬಾಗಿಲಲ್ಲಿ ನಿಂತ ಅಮ್ಮಿಗೆ ತಿಳಿದದ್ದು ಅರ್ಧ.
ಆ ರಾತ್ರಿ, ಎಷ್ಟೋ ವರ್ಷದ ಮೇಲೆ,
ಒಲೆಗೆ ಮುಖಮಾಡಿ ಕೂತಳು, ಹೊಟ್ಟು ತಳ್ಳುತ್ತ.

ಪಕ್ಕದ ತಟ್ಟೆ ನನ್ನದು.
ಅದನ್ನೂ ತೋರಿಸಲಾ ಅಕ್ಕಾ, ಅಂದಿದ್ದಳು ಹೊರಡುವಾಗ.
ನಾನು ಜರಡಿ ಎತ್ತಿಕೊಂಡೆ.
ಮರಳು ಇನ್ನೂ ಬಿಸಿಯಿತ್ತು.